ಬೇರು ಬೆಳೆಯದ ಮುಂದಲ್ಲು ಮುರಿದಿದೆ: ಪಲ್ಪ್ ಉಳಿಸುವುದೋ, ತೆಗೆಯುವುದೋ?

ಪ್ರಶ್ನೆ
8 ವರ್ಷದ ಹುಡುಗ. 21ನೇ ಹಲ್ಲು (ಮೇಲಿನ ಎಡ ನಡು ಮುಂದಲ್ಲು) ಅಡ್ಡಲಾಗಿ ಮುರಿದು ಪಲ್ಪ್ (ಹಲ್ಲಿನೊಳಗಿನ ನರ, ರಕ್ತನಾಳಗಳ ಮೃದು ಭಾಗ) ಸುಮಾರು 2 ಮಿ.ಮೀ. ಅಗಲ ತೆರೆದಿದೆ. ಬಿದ್ದು 20 ಗಂಟೆ ಆಯಿತು. ಅಲುಗಾಟ, ಊತ ಇಲ್ಲ. ಎಕ್ಸ್‌ರೇಯಲ್ಲಿ ಬೇರಿನ ತುದಿ ಅಗಲವಾಗಿ ತೆರೆದಿದೆ. ಕೋಲ್ಡ್ ಟೆಸ್ಟ್‌ಗೆ (ತಂಪು ತಾಗಿಸಿ ಪಲ್ಪ್‌ನ ಸಂವೇದನೆ ನೋಡುವ ಪರೀಕ್ಷೆ) ಪ್ರತಿಕ್ರಿಯೆ ಇಲ್ಲ. ಇಷ್ಟು ತಡವಾದ ಮೇಲೂ ಪಲ್ಪಾಟಮಿ (ಕೆಟ್ಟ ಮೇಲ್ಭಾಗದ ಪಲ್ಪ್ ಮಾತ್ರ ತೆಗೆದು ಉಳಿದದ್ದನ್ನು ಉಳಿಸುವುದು) ಮಾಡಬಹುದೇ?

ಉತ್ತರ 1
ಮಾಡಲೇಬೇಕು. ಪಲ್ಪ್ ಹೋದರೆ ಬೇರಿನ ಗೋಡೆ ತೆಳುವಾಗಿಯೇ ಉಳಿದು, ಮುಂದೊಂದು ದಿನ ಹಲ್ಲು ತನ್ನ ಕುತ್ತಿಗೆಯ (ಒಸಡಿನ ಅಂಚಿನ) ಬಳಿ ಮುರಿಯುವ ಭಯ ಇದ್ದೇ ಇರುತ್ತದೆ. 20 ಗಂಟೆಗೆ ಹೆದರಬೇಡಿ. 1978ರಲ್ಲಿ ಸಿವೆಕ್ ವರದಿ ಮಾಡಿದ 60 ಹಲ್ಲುಗಳಲ್ಲಿ ದಿನಗಟ್ಟಲೆ ತಡವಾದವೂ ಇದ್ದವು, 96% ವಾಸಿಯಾದವು.

ರಬ್ಬರ್ ಡ್ಯಾಮ್ (ಹಲ್ಲಿಗೆ ಎಂಜಲು ತಾಗದಂತೆ ಕಟ್ಟುವ ರಬ್ಬರ್ ಹಾಳೆ) ಹಾಕಿ, ಹೈ ಸ್ಪೀಡ್ ಡೈಮಂಡ್ ಬರ್‌ನಿಂದ ಧಾರಾಳ ನೀರು ಬಿಡುತ್ತಾ 2 ಮಿ.ಮೀ. ಪಲ್ಪ್ ಕತ್ತರಿಸಿ. ಲೋ ಸ್ಪೀಡ್ ಬೇಡ, ಪಲ್ಪ್ ಬರ್‌ಗೆ ಸುತ್ತಿಕೊಂಡು ಹರಿದು ಬರುತ್ತದೆ. ಸಲೈನ್‌ನಲ್ಲಿ ಅದ್ದಿದ ಹತ್ತಿಯನ್ನು 5 ನಿಮಿಷ ಮೆಲ್ಲಗೆ ಒತ್ತಿ ಹಿಡಿಯಿರಿ. ಒಣ ಹತ್ತಿ ಇಟ್ಟರೆ ಅಂಟಿಕೊಂಡು, ತೆಗೆಯುವಾಗ ಮತ್ತೆ ರಕ್ತ ಬರುತ್ತದೆ. ರಕ್ತ ನಿಲ್ಲದಿದ್ದರೆ ಉರಿಯೂತ ಇನ್ನೂ ಕೆಳಗಿದೆ ಎಂದರ್ಥ. ಇನ್ನೊಂದು 1–2 ಮಿ.ಮೀ. ಇಳಿಯಿರಿ. ಹೆಪ್ಪುಗಟ್ಟಿದ ರಕ್ತದ ಮೇಲೆ ಮಾತ್ರ ಔಷಧ ಇಡಬೇಡಿ. ಬಯೋಡೆಂಟಿನ್ (ಪಲ್ಪ್ ಮುಚ್ಚುವ ಕ್ಯಾಲ್ಸಿಯಂ ಸಿಲಿಕೇಟ್ ಸಿಮೆಂಟ್) ಇಟ್ಟು 12 ನಿಮಿಷ ಕಾದು, ಗ್ಲಾಸ್ ಅಯೊನೊಮರ್ ಸಿಮೆಂಟ್, ಅದರ ಮೇಲೆ ಕಾಂಪೊಸಿಟ್ (ಹಲ್ಲಿನ ಬಣ್ಣದ ರಾಳ).

ಉತ್ತರ 2
ಬಯೋಡೆಂಟಿನ್‌ಗೆ ನನ್ನ ಮತವೂ ಇದೆ; ಮುಂದಲ್ಲಿನ ಪಲ್ಪ್ ಮೇಲೆ ಎಂಟಿಎ (ಇನ್ನೊಂದು ಕ್ಯಾಲ್ಸಿಯಂ ಸಿಲಿಕೇಟ್ ಸಿಮೆಂಟ್) ಬೇಡ. ಅದರಲ್ಲಿರುವ ಬಿಸ್ಮತ್ ಆಕ್ಸೈಡ್‌ನಿಂದ ಹಲ್ಲು ಬೂದಿಬಣ್ಣಕ್ಕೆ ತಿರುಗುತ್ತದೆ, ಬಿಳಿ ಎಂಟಿಎ ಕೂಡ ಇದಕ್ಕೆ ಹೊರತಲ್ಲ. ಮುರಿದ ತುಂಡು ಸಿಕ್ಕಿದೆಯೇ ಎಂದು ತಾಯಿಯನ್ನು ಕೇಳಿ. ಒಣಗಿದ್ದರೆ 20 ನಿಮಿಷ ನೀರಲ್ಲೋ ಸಲೈನ್‌ನಲ್ಲೋ ನೆನೆಸಿ ಅಂಟಿಸಬಹುದು. ಅಷ್ಟು ಚೆನ್ನಾಗಿ ಬಣ್ಣ ಹೊಂದುವ ಕಾಂಪೊಸಿಟ್ ಸಿಗುವುದಿಲ್ಲ.

ಪ್ರಶ್ನೆ ಕೇಳಿದವರು
ಕೋಲ್ಡ್ ಟೆಸ್ಟ್‌ನ ಕಥೆ? ಕತ್ತರಿಸಿದಾಗ ರಕ್ತವೇ ಬಾರದಿದ್ದರೆ?

ಉತ್ತರ 3
ಎಳೆ ಹಲ್ಲಲ್ಲಿ, ಅದೂ ಪೆಟ್ಟು ಬಿದ್ದ ಮರುದಿನ, ಆ ಟೆಸ್ಟನ್ನು ನಂಬಿ ತೀರ್ಮಾನಿಸುವಂತಿಲ್ಲ. ಪ್ರತಿಕ್ರಿಯೆ ಮರಳಲು 3 ತಿಂಗಳೂ ಬೇಕಾದೀತು. 6–8 ವಾರ, 3 ತಿಂಗಳು, 6 ತಿಂಗಳು, 1 ವರ್ಷಕ್ಕೆ ಎಕ್ಸ್‌ರೇ ತೆಗೆದು ಪಕ್ಕದ 11ನೇ ಹಲ್ಲಿನ ಜೊತೆ ಹೋಲಿಸಿ: ಬೇರು ಉದ್ದವಾಗುತ್ತಿದೆಯೇ, ಗೋಡೆ ದಪ್ಪವಾಗುತ್ತಿದೆಯೇ.

ಕೆಳಗಿಳಿದರೂ ರಕ್ತ ಕಾಣದಿದ್ದರೆ ಪಲ್ಪ್ ಸತ್ತಿದೆ. ಆಗ ಬೇರಿನ ತೆರೆದ ತುದಿ ಮುಚ್ಚಲು 4 ಮಿ.ಮೀ. ಎಂಟಿಎ ಪ್ಲಗ್, ಇಲ್ಲವೇ ರೀಜನರೇಶನ್ (ಬೇರಿನ ಕಾಲುವೆಗೆ ರಕ್ತ ಬರಿಸಿ ಹೊಸ ಅಂಗಾಂಶ ಬೆಳೆಯಲು ಬಿಡುವುದು). ಎರಡನೆಯದಾದರೆ ಮೊದಲ ಭೇಟಿಯಲ್ಲಿ 1.5% ಸೋಡಿಯಂ ಹೈಪೊಕ್ಲೋರೈಟ್ (ಸೋಂಕುನಾಶಕ) 20 ಮಿ.ಲೀ.ನಿಂದ ಕಾಲುವೆ ತೊಳೆಯಿರಿ, ಸೂಜಿ ಬೇರಿನ ತುದಿ ಮುಟ್ಟದೆ 1 ಮಿ.ಮೀ. ಮೊದಲೇ ನಿಲ್ಲಲಿ, ದ್ರಾವಣ ತೆರೆದ ತುದಿಯಿಂದ ಆಚೆ ಹೋದರೆ ಮುಖ ಊದುತ್ತದೆ. ಮುಂದಿನ ಭೇಟಿಯಲ್ಲಿ ಅಡ್ರಿನಲಿನ್ ಇಲ್ಲದ ಅರಿವಳಿಕೆಯನ್ನೇ ಕೊಡಿ, ಇಲ್ಲದಿದ್ದರೆ ಬೇರಿನ ತುದಿಯಾಚೆ ಫೈಲ್ (ಕಾಲುವೆಯ ಸೂಕ್ಷ್ಮ ಸಲಕರಣೆ) ಚುಚ್ಚಿದರೂ ಕಾಲುವೆಗೆ ಸಾಕಷ್ಟು ರಕ್ತ ಬರುವುದಿಲ್ಲ.