ಪದಚರ್ಚೆ: ‘ಅಲ್ಪದಿನ ಸಸ್ಯ’ ಎಂಬಲ್ಲಿ ‘ದಿನ’ ಎಂದರೆ ಯಾವುದು?

ಗದಗ ಮತ್ತು ಧಾರವಾಡ ಜಿಲ್ಲೆಗಳ ಎರೆಭೂಮಿಯ ರೈತರಿಗಾಗಿ ಸಿದ್ಧವಾಗುತ್ತಿರುವ ಹಿಂಗಾರಿ ಬೆಳೆಗಳ ಕಿರುಪುಸ್ತಕವೊಂದರ ಕರಡಿನಲ್ಲಿ ‘ಜೋಳವು ಅಲ್ಪದಿನ ಸಸ್ಯ’ ಎಂಬ ವಾಕ್ಯವಿದೆ. ಹಗಲು ಒಂದು ಮಿತಿಗಿಂತ ಗಿಡ್ಡದಾದಾಗ ತೆನೆಗೆ ತಿರುಗುವ ಬೆಳೆ ಎಂಬುದು ಇದರ ಅರ್ಥವೆಂದು ಸಸ್ಯಶಾಸ್ತ್ರ ಓದಿದವರಿಗೆ ಗೊತ್ತು. ಆದರೆ ಅದೇ ಪುಟದ ಕೆಳಭಾಗದಲ್ಲಿ ‘ಅಲ್ಪಾವಧಿ ತಳಿ’ ಎಂಬ ಮಾತು ಬರುತ್ತದೆ. ಅದು ಬೇಗ ಕೊಯ್ಲಿಗೆ ಬರುವ ತಳಿಯನ್ನು ಸೂಚಿಸುತ್ತದೆ. ಈ ಎರಡನ್ನೂ ಒಂದರ ಹಿಂದೊಂದು ಓದಿದ ರೋಣದ ಅಥವಾ ನವಲಗುಂದದ ರೈತರು, ಜೋಳವೆಂದರೆ ಕೆಲವೇ ದಿನಗಳಲ್ಲಿ ಕೈಗೆ ಬರುವ ಬೆಳೆ ಎಂದು ಪುಸ್ತಕ ಹೇಳುತ್ತಿದೆಯೆಂದು ತಿಳಿದರೆ ಅವರನ್ನು ದೂರುವಂತಿಲ್ಲ. ಈ ಪದವನ್ನು ಹೇಗೆ ತಿದ್ದಬೇಕೆಂಬುದೇ ನನ್ನ ಪ್ರಶ್ನೆ. ತಿದ್ದಲು ಕೂತಾಗ ಅದರೊಂದಿಗೆ ಇನ್ನೂ ಎರಡು ಮೂರು ಪದಗಳು ಎದ್ದು ಬಂದಿರುವುದರಿಂದ ವಿಷಯವನ್ನು ಸ್ವಲ್ಪ ವಿಸ್ತರಿಸಿ ಬರೆಯುತ್ತಿದ್ದೇನೆ.

ಮೊದಲು ವಿಷಯವನ್ನೇ ನೋಡೋಣ. ಅಮೆರಿಕದ ಗಾರ್ನರ್ ಮತ್ತು ಅಲಾರ್ಡ್ ಎಂಬ ವಿಜ್ಞಾನಿಗಳು ‘ಮೇರಿಲ್ಯಾಂಡ್ ಮ್ಯಾಮತ್’ ಎಂಬ ತಂಬಾಕಿನ ತಳಿ ಬೇಸಿಗೆಯ ಉದ್ದಕ್ಕೂ ಹೂ ಬಿಡದೆ ಎತ್ತರಕ್ಕೆ ಬೆಳೆಯುವುದನ್ನು ಗಮನಿಸಿ, ಹಗಲಿನ ಉದ್ದವೇ ಇದಕ್ಕೆ ಕಾರಣವೆಂದು 1920ರಲ್ಲಿ ಪ್ರಕಟಿಸಿದರು. ನಮ್ಮ ಭಾಗದಲ್ಲಿ ಹಗಲು ಜೂನ್ ಕೊನೆಯ ಹೊತ್ತಿಗೆ ಸುಮಾರು 13 ಗಂಟೆ, ಡಿಸೆಂಬರ್ ಕೊನೆಗೆ ಸುಮಾರು 11 ಗಂಟೆ 15 ನಿಮಿಷ ಇರುತ್ತದೆ. ವರ್ಷವಿಡೀ ಆಗುವ ವ್ಯತ್ಯಾಸ ಎರಡು ಗಂಟೆಯೂ ಇಲ್ಲದಿದ್ದರೂ ಹಳೆಯ ಜೋಳದ ತಳಿಗಳಿಗೆ ಅಷ್ಟು ಸಾಕು. ಅಂಥ ತಳಿಯನ್ನು ಮುಂಗಾರಿನಲ್ಲೇ ಬಿತ್ತಿದರೆ ದಂಟು ಆಳೆತ್ತರ ಮೀರುತ್ತದೆಯೇ ಹೊರತು ತೆನೆ ಬೇಗ ಬರುವುದಿಲ್ಲ. ಉತ್ತರಿ, ಹಸ್ತಾ ಮಳೆಗಳಿಗೆ ಬಿತ್ತಿದ್ದು ಗಿಡ್ಡ ಹಗಲಿನಲ್ಲೇ ಬೆಳೆಯುವುದರಿಂದ ಹೆಚ್ಚು ತಡಮಾಡದೆ ಹೊಡೆಗೆ ಬರುತ್ತದೆ. ಮೇಲಿನ ಎಲೆಯ ಕವಚವನ್ನು ಉಗುರಿನಿಂದ ಸೀಳಿ ನೋಡಿದರೆ ಒಳಗೆ ಮಡಿಚಿಟ್ಟಂತೆ ಬಿಳಿಚಿಕೊಂಡ, ತೇವವಾದ ಎಳೆ ತೆನೆ ಕಾಣುತ್ತದಲ್ಲ, ಅದನ್ನೇ ನಮ್ಮವರು ಹೊಡೆ ಎನ್ನುವುದು. ಆದರೆ ಅದು ಕಣ್ಣಿಗೆ ಬೀಳುವ ಹಲವು ವಾರ ಮೊದಲೇ ಎಲೆಗಳು ಹಗಲನ್ನು ಅಳೆದು, ಆ ಸಂಕೇತ ಕುಡಿಯನ್ನು ತಲುಪಿ, ಕುಡಿ ಎಲೆ ಹುಟ್ಟಿಸುವುದನ್ನು ನಿಲ್ಲಿಸಿ ತೆನೆಯ ಕೆಲಸಕ್ಕೆ ತೊಡಗಿರುತ್ತದೆ.

ಇಲ್ಲಿ ಕನ್ನಡಕ್ಕೆ ಒಂದು ಅನುಕೂಲವಿದೆ. ಇಪ್ಪತ್ನಾಲ್ಕು ಗಂಟೆಯ ಅವಧಿಗೆ ನಾವು ದಿನ ಎನ್ನುತ್ತೇವೆ, ಬೆಳಕಿರುವ ಭಾಗಕ್ಕೆ ಹಗಲು ಎನ್ನುತ್ತೇವೆ. ಇಷ್ಟು ಸ್ಪಷ್ಟವಾದ ಜೋಡಿ ಕೈಯಲ್ಲಿರುವಾಗ ‘ಅಲ್ಪದಿನ’ ಎಂದು ಬರೆದು ಗೊಂದಲವನ್ನು ನಾವೇ ತಂದುಕೊಂಡಿದ್ದೇವೆ. ‘ಗಿಡ್ಡ ಹಗಲಿನ ಬೆಳೆ’, ‘ಉದ್ದ ಹಗಲಿನ ಬೆಳೆ’ ಎಂದರೆ ವಿವರಣೆಯೇ ಬೇಕಾಗುವುದಿಲ್ಲ. ‘ದ್ಯುತಿ’ಯ ಜೊತೆಗೆ ಕಾಲವನ್ನೋ ಅವಧಿಯನ್ನೋ ಸೇರಿಸಿ ಕಟ್ಟಿದ ಪದಗಳು ಪಠ್ಯಪುಸ್ತಕದಲ್ಲಿ ಇರಲಿ, ರೈತರ ಕೈಪಿಡಿಗೆ ‘ಹಗಲಳತೆ’ ಎಂಬುದು ಸಾಕೆಂದು ನನ್ನ ಅಭಿಪ್ರಾಯ.

ಆದರೆ ತಕರಾರು ಇಲ್ಲಿಗೆ ಮುಗಿಯುವುದಿಲ್ಲ. ಇಂಥ ಬೆಳೆಗಳು ನಿಜವಾಗಿ ಅಳೆಯುವುದು ಇರುಳನ್ನು. ಹ್ಯಾಮ್ನರ್ ಮತ್ತು ಬಾನರ್ 1938ರಲ್ಲಿ ಕ್ಸಾಂಥಿಯಂ ಎಂಬ ಮುಳ್ಳುಕಾಯಿಯ ಕಳೆಗಿಡದ ಮೇಲೆ ನಡೆಸಿದ ಪ್ರಯೋಗಗಳಲ್ಲಿ, ದೀರ್ಘ ಕತ್ತಲೆಯ ನಡುವೆ ಸ್ವಲ್ಪ ಹೊತ್ತು ಬೆಳಕು ಬಿದ್ದರೂ ಹೂ ಬಿಡುವುದು ತಪ್ಪಿತು. ಹಗಲಿನ ನಡುವೆ ಕತ್ತಲು ಮಾಡಿದರೆ ಅಂಥ ಪರಿಣಾಮವೇನೂ ಆಗಲಿಲ್ಲ. ಸೇವಂತಿಗೆಯಲ್ಲಿ ಇದನ್ನು ಯಾರೂ ನೋಡಬಹುದು. ಹೊಲದ ಅಂಚಿನಲ್ಲಿ ರಾತ್ರಿಯಿಡೀ ಉರಿಯುವ ದೀಪವೊಂದಿದ್ದರೆ ಅದರ ಕೆಳಗಿನ ಗಿಡಗಳು ದಸರಾ ದಾಟಿದರೂ ಹಸಿರು ಎಲೆಯನ್ನೇ ಬಿಡುತ್ತ ನಿಲ್ಲುತ್ತವೆ, ಬೆಳಕು ತಾಗದ ಸಾಲಿನಲ್ಲಿ ಮೊಗ್ಗು ಬಿರಿದಿರುತ್ತದೆ. ಹೂವನ್ನು ಬೇಕೆಂದೇ ತಡಮಾಡಿ ಮಾರುಕಟ್ಟೆಗೆ ಹೊಂದಿಸುವವರು ನಡುರಾತ್ರಿ ದೀಪ ಹಾಕುವುದೂ ಇದೇ ಕಾರಣಕ್ಕೆ. ಹಾಗಾದರೆ ‘ಉದ್ದ ಇರುಳಿನ ಬೆಳೆ’ ಎನ್ನುವುದೇ ಹೆಚ್ಚು ಸರಿಯೇ? ಶಾಸ್ತ್ರದ ದೃಷ್ಟಿಯಿಂದ ಹೌದು. ಆದರೂ ‘ಹೊತ್ತು ಸಣ್ಣದಾತು’ ಎಂದು ಹಗಲನ್ನೇ ಹಿಡಿದು ಮಾತಾಡುವ ಊರಿನಲ್ಲಿ ಹಗಲಿನ ಹೆಸರನ್ನು ಉಳಿಸಿಕೊಂಡು, ಇರುಳಿನ ಮಾತನ್ನು ವಿವರಣೆಯಲ್ಲಿ ಸೇರಿಸುವುದು ಮೇಲೆಂದು ನನಗೆ ತೋರುತ್ತದೆ.

ಉಳ್ಳಾಗಡ್ಡಿಯ ವಿಷಯಕ್ಕೆ ಬಂದರೆ ಈ ಪದ ಇನ್ನಷ್ಟು ದಾರಿ ತಪ್ಪಿಸುತ್ತದೆ. ಗದಗ ಸೀಮೆಯಲ್ಲಿ ಬೆಳೆಯುವ ಉಳ್ಳಾಗಡ್ಡಿಯನ್ನು ಬೀಜದ ಪೊಟ್ಟಣಗಳಲ್ಲೂ ಲೇಖನಗಳಲ್ಲೂ ‘ಅಲ್ಪದಿನ’ದ ಗುಂಪಿಗೆ ಸೇರಿಸುತ್ತಾರೆ. ಅಲ್ಲಿ ಆ ಮಾತು ಹೂವಿಗೆ ಸಂಬಂಧಿಸಿದ್ದಲ್ಲ, ಗಡ್ಡೆ ಕಟ್ಟುವುದಕ್ಕೆ ಸಂಬಂಧಿಸಿದ್ದು. ಅಷ್ಟೇ ಅಲ್ಲದೆ ಅರ್ಥವೂ ತಿರುವುಮುರುವಾಗಿದೆ. ಜೋಳ ಹಗಲು ಮಿತಿಗಿಂತ ಕಡಿಮೆಯಾದಾಗ ತಿರುಗುತ್ತದೆ. ಉಳ್ಳಾಗಡ್ಡಿಯ ಯಾವ ತಳಿಯಾದರೂ ಹಗಲು ಮಿತಿಯನ್ನು ಮೀರಿದಾಗಲೇ ಗಡ್ಡೆ ಕಟ್ಟುತ್ತದೆ, ಬಿಸಿ ಹೆಚ್ಚಿದಷ್ಟೂ ಆ ಕೆಲಸ ಚುರುಕಾಗುತ್ತದೆ. ನಮ್ಮ ತಳಿಗಳಿಗೆ ಆ ಮಿತಿ 11–12 ಗಂಟೆ, ಉತ್ತರ ಯುರೋಪಿನ ತಳಿಗಳಿಗೆ 14–16 ಗಂಟೆ. ಆ ಬೀಜವನ್ನು ತಂದು ಇಲ್ಲಿ ಹಾಕಿದರೆ ನಮ್ಮ ಅತಿ ಉದ್ದದ ಹಗಲೂ ಅದಕ್ಕೆ ಸಾಲದೆ ಸೊಪ್ಪು ಮಾತ್ರ ಉಳಿಯುತ್ತದೆ. ಆದ್ದರಿಂದ ಜೋಳಕ್ಕೂ ಉಳ್ಳಾಗಡ್ಡಿಗೂ ಒಂದೇ ವಿಶೇಷಣವನ್ನು ಹಚ್ಚುವುದು ಸರಿಯಲ್ಲ. ಉಳ್ಳಾಗಡ್ಡಿಗೆ ‘ಕಡಿಮೆ ಹಗಲಿಗೇ ಗಡ್ಡೆ ಕಟ್ಟುವ ತಳಿ’ ಎಂದು ಬಿಡಿಸಿಯೇ ಬರೆಯಬೇಕೆಂದು ನಾನು ಸೂಚಿಸಿದ್ದೇನೆ. ಉದ್ದವಾಯಿತು, ಆದರೆ ತಪ್ಪಾಗುವುದಿಲ್ಲ.

ಉಳ್ಳಾಗಡ್ಡಿ ಹೂದಂಟು ಎತ್ತಬೇಕಾದರೆ ಹಗಲಿಗಿಂತ ಚಳಿಯೇ ಮುಖ್ಯ. ಇದು ಎರಡನೆಯ ಪದಕ್ಕೆ ತರುತ್ತದೆ. ಹಲವು ವಾರ ತಂಪಿನಲ್ಲಿ ಕಳೆದ ಮೇಲಷ್ಟೇ ಗಿಡವು ಹೂವಿಗೆ ಅಣಿಯಾಗುವ ಈ ಕ್ರಿಯೆಗೆ ವರ್ನಲೈಸೇಷನ್ ಎನ್ನುತ್ತಾರೆ. ಕರಡಿನಲ್ಲಿ ‘ವಸಂತೀಕರಣ’ ಎಂದಿದೆ. ಮೂಲದ ರಷ್ಯನ್ ಪದ ವಸಂತದಲ್ಲಿ ಬಿತ್ತುವ ಧಾನ್ಯದ ಹೆಸರಿನಿಂದ ಬಂದದ್ದಾದ್ದರಿಂದ ಅನುವಾದ ನಿಷ್ಠವಾಗಿಯೇ ಇದೆ. ಆದರೆ ಹುಬ್ಬಳ್ಳಿಯಲ್ಲಿ ವಸಂತವೆಂದರೆ ಯುಗಾದಿಯ ಆಚೀಚಿನ ಸುಡುಬಿಸಿಲು. ಚಳಿಯಿಂದ ಆಗುವ ಕೆಲಸಕ್ಕೆ ಆ ಹೆಸರಿಟ್ಟರೆ ಓದುಗರು ತದ್ವಿರುದ್ಧವಾಗಿ ತಿಳಿಯುತ್ತಾರೆ. ಮಾಗಿಯ ಚಳಿಯೂ ನೆಲದ ಹದವೂ ಇಲ್ಲಿ ಎಲ್ಲರಿಗೂ ಗೊತ್ತಿರುವುದರಿಂದ ‘ಚಳಿಹದ’ ಎಂದರೆ ಹೇಗೆ? ಧಾರವಾಡದ ಸುತ್ತ ಬೆಳೆಯುವ ಗೋಧಿಗೆ ಈ ಹದದ ಅಗತ್ಯವಿಲ್ಲ, ಅದನ್ನು ಬೇಡುವುದು ಶೀತದೇಶಗಳ ಚಳಿಗಾಲದ ಗೋಧಿ ಎಂಬ ಒಂದು ಸಾಲನ್ನೂ ಸೇರಿಸಬೇಕು.

ಮೂರನೆಯದು ಬಣ್ಣದ ಹೆಸರು. ಗಿಡ ಹಗಲಿರುಳನ್ನು ಅಳೆಯಲು ನೆರವಾಗುವ, ಎಲೆಯಲ್ಲಿರುವ ಫೈಟೋಕ್ರೋಮ್ ಎಂಬ ವರ್ಣದ್ರವ್ಯವು ಸುಮಾರು 660 ನ್ಯಾನೋಮೀಟರಿನ ಕೆಂಪು ಬೆಳಕಿನಿಂದ ಸಕ್ರಿಯವಾಗುತ್ತದೆ, ಸುಮಾರು 730ರ ಬೆಳಕಿನಿಂದ ನಿಷ್ಕ್ರಿಯವಾಗುತ್ತದೆ, ಕತ್ತಲಲ್ಲಿ ತಾನಾಗಿಯೂ ನಿಧಾನವಾಗಿ ಹಿಂದಕ್ಕೆ ಮರಳುತ್ತದೆ. ರಾತ್ರಿ ಬೆಚ್ಚಗಿದ್ದರೆ ಈ ಮರಳುವಿಕೆ ವೇಗವಾಗುತ್ತದೆಂದೂ, ಹಾಗಾಗಿ ಬೆಳಕನ್ನು ಗ್ರಹಿಸುವ ಈ ದ್ರವ್ಯವೇ ಉಷ್ಣತೆಯನ್ನೂ ಗ್ರಹಿಸುತ್ತದೆಂದೂ 2016ರಲ್ಲಿ ಪ್ರಕಟವಾದ ಅಧ್ಯಯನಗಳು ತೋರಿಸಿದವು. ಕರಡಿನಲ್ಲಿ ಆ 730ರ ಬೆಳಕನ್ನು ‘ಅವಗೆಂಪು’ ಎಂದು ಕರೆಯಲಾಗಿದೆ. ಆದರೆ ಶಾಲಾ ಮಕ್ಕಳಿಗೂ ಅವಗೆಂಪು ಎಂದರೆ ಕಣ್ಣಿಗೆ ಕಾಣದ ಶಾಖದ ಕಿರಣ. ಇದು ಕೆಂಪಿನ ಅಂಚಿನಲ್ಲಿರುವ, ಮಸುಕಾಗಿಯಾದರೂ ಕಾಣುವ ಬೆಳಕು. ‘ಅಂಚುಗೆಂಪು’ ಅಥವಾ ‘ದೂರಗೆಂಪು’, ಇವೆರಡರಲ್ಲಿ ಮೊದಲನೆಯದು ನನಗೆ ಒಪ್ಪಿಗೆಯಾಗಿದೆ.

ಬಲ್ಲವರಲ್ಲಿ ನನ್ನ ಕೋರಿಕೆ ಎರಡು. ‘ಗಿಡ್ಡ ಹಗಲಿನ ಬೆಳೆ’, ‘ಚಳಿಹದ’, ‘ಅಂಚುಗೆಂಪು’ ಇವುಗಳಿಗಿಂತ ಒಳ್ಳೆಯ ರೂಪಗಳು ಈಗಾಗಲೇ ಬಳಕೆಯಲ್ಲಿದ್ದರೆ ತಿಳಿಸಬೇಕು. ಉಳ್ಳಾಗಡ್ಡಿ ಗಡ್ಡೆ ಬಲಿಯುವ ಮೊದಲೇ ಹೂದಂಟು ಎತ್ತಿ ಕೆಡುವುದಕ್ಕೆ ಗದಗ, ಹಾವೇರಿ ಕಡೆಯ ಹೊಲಗಳಲ್ಲಿ ಒಂದೇ ಮಾತಿನ ಹೆಸರಿದ್ದರೆ, ಅದು ಯಾವ ಊರಿನದೆಂಬುದರ ಸಮೇತ ತಿಳಿಸಿದರೆ ಇನ್ನೂ ಉಪಕಾರವಾಗುತ್ತದೆ.