ಮಾಗಿ ಮಲ್ಲಿಗೆ ಹೂ ಬಿಡದಿರಲು ಕಾರಣವೇನು?

ಪ್ರಶ್ನೆ (ಕೊತ್ರೂಡ್, ಪುಣೆ): ಮಾನ್ಯರೇ, ವರ್ಷದ ಬಹುಪಾಲು ಹಸಿರಾಗಿಯೇ ಇರುವ ಮಾಗಿ ಮಲ್ಲಿಗೆಯ ಪೊದೆ ನಮ್ಮಲ್ಲಿ ಸೊಂಪಾಗಿ ಬೆಳೆದಿದ್ದರೂ, ಪುಷ್ಯ ಮಾಸ ಬಂದರೂ ಮೊಗ್ಗು ಕಾಣುತ್ತಿಲ್ಲ. ಏನು ಮಾಡಬೇಕು?

ಉತ್ತರ (ಡೊಂಬಿವಲಿ): ದಿನಕ್ಕೆ ಐದಾರು ಗಂಟೆಯಾದರೂ ನೇರ ಬಿಸಿಲು ಬೀಳುತ್ತಿದೆಯೇ ಎಂಬುದನ್ನು ಮೊದಲು ಗಮನಿಸಿರಿ. ಸಾರಜನಕದ ಗೊಬ್ಬರ ಹೆಚ್ಚಾದರೆ ಎಲೆಯಷ್ಟೇ ಹುಲುಸಾಗುತ್ತದೆ.

ಉತ್ತರ (ಮಡಗಾಂವ್): ರೆಂಬೆಗಳನ್ನು ಸವರುವ (ಕತ್ತರಿಸುವ) ಕಾಲವೇ ಮುಖ್ಯವೆಂದು ನನ್ನ ಅಭಿಪ್ರಾಯ. ಹೊಸ ಚಿಗುರಿನ ತುದಿಯಲ್ಲಿ ಮೊಗ್ಗು ಮೂಡುವುದರಿಂದ, ಮಳೆಗಾಲ ಕಳೆದ ಮೇಲೆ ಸವರಿದರೆ ಆ ವರ್ಷದ ಹೂವನ್ನೇ ಕತ್ತರಿಸಿದಂತಾಗುತ್ತದೆ. ಹೂವಿನ ಕಾಲ ಮುಗಿದೊಡನೆ, ಫಾಲ್ಗುಣದ ಹೊತ್ತಿಗೆ ಸವರುವುದು ಲೇಸು.

ಉತ್ತರ (ಮಾಟುಂಗಾ, ಮುಂಬಯಿ): ಬುಡದಲ್ಲಿ ನೀರು ನಿಲ್ಲದಂತೆಯೂ ನೋಡಿಕೊಳ್ಳಿರಿ. ಪುಣೆಯ ಕಪ್ಪು ಮಣ್ಣಿಗೆ ಎಲೆಗೊಬ್ಬರ ಬೆರೆಸಿ ಸಡಿಲಗೊಳಿಸದಿದ್ದರೆ ಬೇರು ಕೊಳೆಯಬಹುದು.