ಕನ್ನಡ ಮಾಧ್ಯಮದಿಂದ ಬಿ.ಎಸ್ಸಿ.ಗೆ ಬಂದವರು ಇಂಗ್ಲಿಷನ್ನು ಉಚಿತವಾಗಿ ಎಲ್ಲಿ ಕಲಿಯಬಹುದು?

ಪ್ರಶ್ನೆ – ಹಾವೇರಿ ಜಿಲ್ಲೆಯ ವಿದ್ಯಾರ್ಥಿನಿ

ನಾನು ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಈಗ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿ.ಎಸ್ಸಿ. ಎರಡನೆಯ ಸೆಮಿಸ್ಟರ್. ರಸಾಯನಶಾಸ್ತ್ರ ನನಗೆ ತುಂಬ ಇಷ್ಟ. ಪುಸ್ತಕವನ್ನು ನಿಧಾನವಾಗಿ ಓದಿದರೆ ಅರ್ಥವಾಗುತ್ತದೆ. ಆದರೆ ಪಾಠ ಕೇಳುವಾಗ ಅರ್ಧ ಮಾತು ತಪ್ಪಿಹೋಗುತ್ತದೆ. ಸೆಮಿನಾರ್ ಎಂದರೆ ಗಂಟಲು ಕಟ್ಟುತ್ತದೆ. ಹಣ ಕೊಟ್ಟು ಸ್ಪೋಕನ್ ಇಂಗ್ಲಿಷ್ ತರಗತಿಗೆ ಸೇರುವ ಅನುಕೂಲ ಮನೆಯಲ್ಲಿಲ್ಲ. ಮೊಬೈಲ್ ಇದೆ, ಊರಿನಲ್ಲಿ ನೆಟ್‌ವರ್ಕ್ ಅಷ್ಟಕ್ಕಷ್ಟೆ. ಹುಡುಕಿದರೆ ಲೆಕ್ಕವಿಲ್ಲದಷ್ಟು ಆ್ಯಪ್‌ಗಳು ಬರುತ್ತವೆ. ಯಾವುದನ್ನು ನಂಬಲಿ?

ಉತ್ತರ – ಇಂಗ್ಲಿಷ್ ಅಧ್ಯಾಪಕಿ, ಶಿವಮೊಗ್ಗ

ನೋಡಮ್ಮ, ನಿನಗೆ ಇಂಗ್ಲಿಷ್ ಬರುವುದಿಲ್ಲ ಎಂಬುದನ್ನು ನಾನು ಒಪ್ಪುವುದಿಲ್ಲ. ಪುಸ್ತಕ ಅರ್ಥವಾಗುತ್ತದೆ ಎಂದ ಮೇಲೆ ಪದಗಳು ನಿನ್ನಲ್ಲಿವೆ. ಕಣ್ಣಿಗೆ ಪರಿಚಯವಿರುವ ಪದ ಕಿವಿಗೆ ಬಿದ್ದಾಗ ಗುರುತು ಸಿಗುತ್ತಿಲ್ಲ, ಅಷ್ಟೆ. ನನ್ನ ತರಗತಿಗೆ ಹಳ್ಳಿಗಳಿಂದ ಬರುವ ಬಹುಪಾಲು ಮಕ್ಕಳ ಕಷ್ಟ ಇದೇ.

ಕಾರಣವೂ ಇದೆ. ಕನ್ನಡದಲ್ಲಿ ಬರೆದ ಪ್ರತಿ ಅಕ್ಷರವನ್ನೂ ನಾವು ಪೂರ್ತಿಯಾಗಿ ಉಚ್ಚರಿಸುತ್ತೇವೆ. ಇಂಗ್ಲಿಷಿನಲ್ಲಿ ಒಂದು ಭಾಗಕ್ಕೆ ಒತ್ತು ಬಿದ್ದರೆ ಉಳಿದವು ಸವೆದುಹೋಗುತ್ತವೆ. ‘ಆ್ಯಟಮ್’ ಎನ್ನುವಾಗ ಒತ್ತು ಮೊದಲ ಭಾಗದ ಮೇಲೆ. ‘ಅಟಾಮಿಕ್’ ಎನ್ನುವಾಗ ಅದು ಎರಡನೆಯದಕ್ಕೆ ಸರಿಯುತ್ತದೆ, ಮೊದಲ ಸ್ವರ ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ. ಇದನ್ನು ವ್ಯಾಕರಣ ಪುಸ್ತಕದಿಂದ ಕಲಿಯಲಾಗದು, ಕೇಳಿಯೇ ಕಲಿಯಬೇಕು.

ಆದ್ದರಿಂದ ಬರಹವನ್ನು ಕೈಯಲ್ಲಿ ಹಿಡಿದು ಕೇಳು. ಬಿಬಿಸಿಯ ಲರ್ನಿಂಗ್ ಇಂಗ್ಲಿಷ್ ತಾಣದಲ್ಲಿ ‘6 ಮಿನಿಟ್ ಇಂಗ್ಲಿಷ್’ ಎಂಬ ಧ್ವನಿ ಕಾರ್ಯಕ್ರಮವಿದೆ. ಇಬ್ಬರು ಒಂದು ವಿಷಯದ ಬಗ್ಗೆ ಮಾತನಾಡುತ್ತಾರೆ, ಆರಂಭದಲ್ಲಿ ಒಂದು ಪ್ರಶ್ನೆ ಹಾಕಿ ಕೊನೆಯಲ್ಲಿ ಉತ್ತರ ಹೇಳುತ್ತಾರೆ, ನಡುವೆ ಕೆಲವು ಪದಗಳನ್ನು ಬಿಡಿಸಿ ತಿಳಿಸುತ್ತಾರೆ. ಆಡಿದ ಮಾತಿನ ಬರಹರೂಪವೂ ಅಲ್ಲೇ ಸಿಗುತ್ತದೆ, ಎಲ್ಲವೂ ಉಚಿತ. ಧ್ವನಿಯ ಕಡತ ವೀಡಿಯೊಗಿಂತ ಬಹಳ ಚಿಕ್ಕದು; ನೆಟ್‌ವರ್ಕ್ ಇರುವಾಗ ಇಳಿಸಿಕೊಂಡು ಬಸ್ಸಿನಲ್ಲಿ ಕೇಳಬಹುದು. ಮೊದಲು ಬರಹ ನೋಡದೆ ಕೇಳು, ಆಮೇಲೆ ನೋಡುತ್ತ ಕೇಳು, ಕೊನೆಗೆ ಅವರ ಜೊತೆಜೊತೆಗೇ ಗಟ್ಟಿಯಾಗಿ ಓದು. ದಿನಕ್ಕೊಂದು ಹೊಸ ಸಂಚಿಕೆಯ ಹಿಂದೆ ಬೀಳಬೇಡ. ಒಂದನ್ನೇ ವಾರವಿಡೀ ಕೇಳಿದರೂ ನಷ್ಟವಿಲ್ಲ.

ಉಚ್ಚಾರಣೆಯ ಅನುಮಾನ ಬಂದರೆ ಆಕ್ಸ್‌ಫರ್ಡ್ ಲರ್ನರ್ಸ್ ಡಿಕ್ಷನರಿಯ ತಾಣ ತೆರೆ. ಪದದ ಪಕ್ಕದಲ್ಲೇ ಬ್ರಿಟಿಷ್, ಅಮೆರಿಕನ್ ಎರಡೂ ಧ್ವನಿಗಳಿರುತ್ತವೆ. ನೀನು ಬರೆಯುವಾಗ ಕನ್ನಡದ ಪದ ಹೊಳೆದು ಇಂಗ್ಲಿಷ್ ಸಿಗದಿದ್ದರೆ ‘ಅಲರ್’ ಇದೆ. ವಿ. ಕೃಷ್ಣ ಅವರು ದಶಕಗಳ ಕಾಲ ಒಬ್ಬರೇ ಕುಳಿತು ಕಟ್ಟಿದ ಈ ಕನ್ನಡ–ಇಂಗ್ಲಿಷ್ ನಿಘಂಟಿನಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಪದಗಳಿವೆ. 2019ರಿಂದ ಅದು ಎಲ್ಲರಿಗೂ ಮುಕ್ತ. ಇಂಥ ದುಡಿಮೆಯ ಫಲ ನಮ್ಮ ಮಕ್ಕಳ ಕೈಗೆ ತಲುಪಬೇಕು ಎಂಬುದು ನನ್ನ ಆಸೆ.

ಮೂವತ್ತು ದಿನಗಳಲ್ಲಿ ಇಂಗ್ಲಿಷ್ ಕಲಿಸುತ್ತೇವೆ ಎನ್ನುವವರನ್ನು ದೂರವಿಡು. ಪದ ಆರಿಸುವ ಆಟದ ಆ್ಯಪ್‌ಗಳಿಂದ ಪದ ನೆನಪಿರಬಹುದು, ಬಾಯಿ ಮಾತ್ರ ತಿರುಗುವುದಿಲ್ಲ.

ಉತ್ತರ – ಎಂ.ಎಸ್ಸಿ. ಮುಗಿಸಿದವನು, ಧಾರವಾಡ

ಮೇಡಂ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ, ತಂಗಿ. ನಿಮ್ಮ ವಿಷಯದಲ್ಲೇ ಇಂಗ್ಲಿಷ್ ಕೇಳಿ. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ನಡೆಸುವ ಆನ್‌ಲೈನ್ ಪಾಠಗಳ ತಾಣವಾದ ಎನ್‌ಪಿಟಿಇಎಲ್‌ನಲ್ಲಿ ರಸಾಯನಶಾಸ್ತ್ರದ ಪಾಠಗಳು ಧಾರಾಳವಾಗಿವೆ. ನೋಡುವುದಕ್ಕೆ ಹಣ ಕೊಡಬೇಕಿಲ್ಲ; ಪ್ರಮಾಣಪತ್ರಕ್ಕಾಗಿ ಪರೀಕ್ಷೆ ಬರೆಯುವುದಾದರೆ ಮಾತ್ರ ಶುಲ್ಕ. ಯೂಟ್ಯೂಬ್‌ನಲ್ಲಿ ವೇಗವನ್ನು 0.75ಕ್ಕೆ ಇಳಿಸಿ, ಕೆಳಗೆ ಅಕ್ಷರಗಳು ಬರುವಂತೆ ಮಾಡಿಕೊಳ್ಳಿ. ಸಮೀಕರಣ ಮೊದಲೇ ಗೊತ್ತಿದ್ದರೆ ಮಾತು ತಾನಾಗಿ ಹಿಡಿತಕ್ಕೆ ಬರುತ್ತದೆ. ನಮ್ಮ ದೇಶದ ಅಧ್ಯಾಪಕರ ಉಚ್ಚಾರಣೆಯಾದ್ದರಿಂದ ಭಯವೂ ಕಡಿಮೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದ. ಮೇಡಂ, ಸೆಮಿನಾರಿಗೆ ಏನು ಮಾಡಲಿ? ಬರೆದುಕೊಂಡು ಬಾಯಿಪಾಠ ಮಾಡಿದರೆ ನಡುವೆ ಒಂದು ಸಾಲು ಮರೆತಾಗ ನಿಂತುಬಿಡುತ್ತೇನೆ.

ಉತ್ತರ – ಇಂಗ್ಲಿಷ್ ಅಧ್ಯಾಪಕಿ, ಶಿವಮೊಗ್ಗ

ಪ್ರಯೋಗದ ರೆಕಾರ್ಡಿನ ಭಾಷೆಯನ್ನು ಮಾತಿಗೆ ತರಬೇಡ. ಅಲ್ಲಿ ಎಲ್ಲವೂ ಕರ್ಮಣಿ ಪ್ರಯೋಗ. ‘ಆಮ್ಲವು ಸೇರಿಸಲ್ಪಟ್ಟಿತು’ ಎಂದು ಕನ್ನಡದಲ್ಲಿಯೂ ಯಾರೂ ಮಾತನಾಡುವುದಿಲ್ಲ. ‘ನಾವು ಆಮ್ಲ ಸೇರಿಸಿದೆವು, ಬಣ್ಣ ಬದಲಾಯಿತು’ ಎನ್ನುವಂಥ ಚಿಕ್ಕ ವಾಕ್ಯಗಳನ್ನು ಇಂಗ್ಲಿಷಿನಲ್ಲಿ ಕಟ್ಟು. ಚೀಟಿಯಲ್ಲಿ ಪೂರ್ತಿ ಸಾಲು ಬೇಡ, ಹಂತಕ್ಕೊಂದು ಪದ ಸಾಕು. ಮೊಬೈಲಿನಲ್ಲಿ ಧ್ವನಿಮುದ್ರಿಸಿ ಕೇಳಿಕೋ. ಎಲ್ಲೆಲ್ಲಿ ತಡವರಿಸಿದ್ದೀಯೋ ಆ ವಾಕ್ಯವನ್ನು ಎರಡಾಗಿ ಒಡೆದು ಮತ್ತೆ ಹೇಳು. ಸೆಮಿನಾರಿನ ವಿಷಯ ಯಾವುದೆಂದು ಇಲ್ಲಿ ಬರೆ. ಮೊದಲ ಐದಾರು ವಾಕ್ಯಗಳನ್ನು ನೀನೇ ಬರೆದು ಹಾಕಿದರೆ ನಾನು ತಿದ್ದಿಕೊಡುತ್ತೇನೆ.